ಕೊಟ್ಟ ಔಷಧ ಶ್ವಾಸಕೋಶ ಮುಟ್ಟಿತೇ? ಉಸಿರಾಟದ ಆರೈಕೆಯಲ್ಲಿ ಫಾರ್ಮಸಿಸ್ಟರ ಪಾತ್ರ: ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಮಾತ್ರೆಯನ್ನು ನುಂಗಿದರೆ ಸಾಕು, ಅದನ್ನು ಕರಗಿಸಿ ರಕ್ತಕ್ಕೆ ಸೇರಿಸುವ ಹೊಣೆ ದೇಹದ್ದು. ಇನ್‌ಹೇಲರ್ ಹಾಗಲ್ಲ. ಡಬ್ಬಿಯಿಂದ ಹೊರಟ ಔಷಧ ಶ್ವಾಸನಾಳದ ಸಣ್ಣ ಕವಲುಗಳವರೆಗೆ ಹೋಗಬೇಕಾದರೆ ಬೆರಳಿನ ಒತ್ತು, ತುಟಿಯ ಹಿಡಿತ, ಉಸಿರಿನ ವೇಗ, ಉಸಿರು ಹಿಡಿದು ನಿಲ್ಲುವ ಹೊತ್ತು ಎಲ್ಲವೂ ಹೊಂದಿಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಔಷಧ ನಾಲಿಗೆಯ ಮೇಲೋ ಗಂಟಲಲ್ಲೋ ಉಳಿದುಬಿಡುತ್ತದೆ. ವೈದ್ಯರು ಸರಿಯಾದ ಔಷಧವನ್ನೇ ಬರೆದಿರುತ್ತಾರೆ, ಅಂಗಡಿಯವರು ಅದನ್ನೇ ಕೊಟ್ಟಿರುತ್ತಾರೆ, ರೋಗಿ ದಿನವೂ ತಪ್ಪದೆ ಎಳೆದುಕೊಳ್ಳುತ್ತಿರುತ್ತಾರೆ; ಆದರೂ ಉಬ್ಬಸ ತಗ್ಗಿರುವುದಿಲ್ಲ.

ಅಸ್ತಮಾ ಮತ್ತು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಇವೆರಡರ ಚಿಕಿತ್ಸೆಗೂ ಇಂದು ಆಧಾರವಾಗಿರುವುದು ಉಸಿರಿನ ಮೂಲಕ ತೆಗೆದುಕೊಳ್ಳುವ ಔಷಧ. ಹಾಗಾದರೆ ಆ ಔಷಧ ತಲುಪಬೇಕಾದಲ್ಲಿಗೆ ತಲುಪುತ್ತಿದೆಯೇ ಎಂದು ನೋಡುವವರು ಯಾರು? ವೈದ್ಯರನ್ನು ರೋಗಿ ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ. ಕಾಯಿಲೆ ತುಸು ಹತೋಟಿಗೆ ಬಂದಿದ್ದರೆ ವರ್ಷಕ್ಕೊಮ್ಮೆಯೂ ಇಲ್ಲ. ಔಷಧಿ ಅಂಗಡಿಗೆ ಮಾತ್ರ ತಿಂಗಳು ತಿಂಗಳೂ ಬರುತ್ತಾರೆ. ಈ ಟಿಪ್ಪಣಿಯ ವಾದ ಇಷ್ಟೇ: ಇನ್‌ಹೇಲರ್ ಬಳಕೆಯ ತಪ್ಪನ್ನು ಕಂಡುಹಿಡಿಯಲು, ತಿದ್ದಲು, ಅಪಾಯದ ಸೂಚನೆಯನ್ನು ಮೊದಲೇ ಗುರುತಿಸಲು ಫಾರ್ಮಸಿಸ್ಟರಷ್ಟು ಅನುಕೂಲವಾದ ಜಾಗದಲ್ಲಿ ಇರುವವರು ಬೇರೆ ಯಾರೂ ಇಲ್ಲ. ಇದಕ್ಕೆ ಪುರಾವೆಯಿದೆ, ಕಾನೂನಿನ ಬೆಂಬಲವೂ ಇದೆ. ವ್ಯವಸ್ಥೆ ಮಾತ್ರ ಇನ್ನೂ ರೂಪುಗೊಂಡಿಲ್ಲ.

2. ಕಾಯಿಲೆಯ ಹೊರೆ

ಭಾರತದ ರಾಜ್ಯಗಳ ಮಟ್ಟದ ರೋಗಹೊರೆಯನ್ನು ಲೆಕ್ಕಹಾಕಿದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2016ರಲ್ಲಿ ದೇಶದಲ್ಲಿ ಸುಮಾರು 5 ಕೋಟಿ 53 ಲಕ್ಷ ಜನರಿಗೆ ಸಿಒಪಿಡಿ, 3 ಕೋಟಿ 79 ಲಕ್ಷ ಜನರಿಗೆ ಅಸ್ತಮಾ ಇತ್ತು. ಜಗತ್ತಿನ ಜನಸಂಖ್ಯೆಯಲ್ಲಿ ಭಾರತದ ಪಾಲು ಶೇ. 18, ದೀರ್ಘಕಾಲದ ಶ್ವಾಸಕಾಯಿಲೆಗಳಿಂದ ನಷ್ಟವಾಗುವ ಆರೋಗ್ಯವಂತ ವರ್ಷಗಳಲ್ಲಿ ಮಾತ್ರ ನಮ್ಮ ಪಾಲು ಶೇ. 32. ಜನಸಂಖ್ಯೆಯ ಪಾಲನ್ನು ಮೀರಿದ ಈ ಹೊರೆಯನ್ನು ಕಾಯಿಲೆ ಹೆಚ್ಚು ಎಂಬ ಒಂದೇ ಮಾತಿನಿಂದ ವಿವರಿಸಲಾಗದು. ಬಂದ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಕರ್ನಾಟಕದಿಂದ ಬಂದ ಎರಡು ಕೆಲಸಗಳನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಸುಮಾರು 20,000 ಮಕ್ಕಳನ್ನು ಗಮನಿಸಿ, 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಆದರೂ ಇಪ್ಪತ್ತು ವರ್ಷಗಳ ಏರಿಕೆಯ ದಿಕ್ಕು ಸ್ಪಷ್ಟವಾಗಿದೆ. ಇನ್ನೊಂದು ಕೆಲಸ ಮೈಸೂರು ಜಿಲ್ಲೆಯ ಹಳ್ಳಿಗಳದ್ದು. ಸೌದೆ, ಬೆರಣಿ ಉರಿಸಿ ಅಡುಗೆ ಮಾಡುವ ಹೆಂಗಸರಲ್ಲಿ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆ ಯಾವ ಮಟ್ಟದ ಹೊಗೆಯಿಂದ ಶುರುವಾಗುತ್ತದೆ ಎಂದು ಅಲ್ಲಿನ ಸಂಶೋಧಕರು ಹುಡುಕಿದರು. ಒಲೆಯ ಮುಂದೆ ದಿನಕ್ಕೆ ಕಳೆಯುವ ತಾಸುಗಳನ್ನು ಒಟ್ಟು ವರ್ಷಗಳಿಂದ ಗುಣಿಸಿದರೆ ಬರುವ ಅಂಕಿ 60 ದಾಟಿದಾಗ ಅಪಾಯ ಎದ್ದು ಕಾಣುತ್ತದೆ ಎಂಬುದು 2013ರಲ್ಲಿ ಪ್ರಕಟವಾದ ಅವರ ತೀರ್ಮಾನ. ದಿನಕ್ಕೆ ನಾಲ್ಕು ತಾಸಿನಂತೆ 15 ವರ್ಷ ಅಡುಗೆ ಮಾಡಿದ ಹೆಂಗಸು ಆ ಗೆರೆಯನ್ನು ಮುಟ್ಟಿರುತ್ತಾಳೆ. ಬೀಡಿ ಸಿಗರೇಟು ಮುಟ್ಟದವರಿಗೂ ಸಿಒಪಿಡಿ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಔಷಧಿ ಅಂಗಡಿಗೆ ಕೆಮ್ಮಿನ ಸಿರಪ್ ಕೇಳಿಕೊಂಡು ಬರುವ ಐವತ್ತು ದಾಟಿದ ಹೆಂಗಸನ್ನು ಫಾರ್ಮಸಿಸ್ಟ್ ಏನು ಕೇಳಬೇಕು ಎಂಬುದಕ್ಕೂ ಉತ್ತರ ಇಲ್ಲೇ ಇದೆ.

3. ಸಾಧನ ಮತ್ತು ಅದರ ಬಳಕೆಯ ತಪ್ಪುಗಳು

ಒತ್ತಿದರೆ ಅಳತೆಯ ಔಷಧ ಹೊರಬರುವ ಸ್ಪ್ರೇ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಅಮೆರಿಕದ ರೈಕರ್ ಪ್ರಯೋಗಾಲಯದಿಂದ. ನಮ್ಮಲ್ಲಿ ಜನ ಅದನ್ನು ಪಂಪ್ ಎಂದೇ ಕರೆಯುತ್ತಾರೆ. ಪುಡಿಯ ಇನ್‌ಹೇಲರ್‌ಗಳು ಆಮೇಲೆ ಬಂದವು. ಭಾರತದಲ್ಲಿ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಮಾದರಿ ಬಹಳ ಬಳಕೆಯಲ್ಲಿದೆ. ಇವೆರಡನ್ನೂ ಬಳಸುವ ಕ್ರಮ ಒಂದಕ್ಕೊಂದು ತದ್ವಿರುದ್ಧ ಎಂಬುದನ್ನು ಎಷ್ಟೋ ರೋಗಿಗಳಿಗೆ ಯಾರೂ ಹೇಳಿರುವುದಿಲ್ಲ.

ಸ್ಪ್ರೇ ಪಂಪಿನಲ್ಲಿ ಔಷಧ ತನ್ನ ವೇಗದಲ್ಲೇ ಹೊರಗೆ ಚಿಮ್ಮುತ್ತದೆ. ರೋಗಿ ಅದನ್ನು ನಿಧಾನವಾಗಿ, ಆಳವಾಗಿ, ನಾಲ್ಕೈದು ಸೆಕೆಂಡು ಎಳೆದುಕೊಳ್ಳಬೇಕು. ಎಳೆಯಲು ಶುರುಮಾಡಿದ ಕ್ಷಣದಲ್ಲೇ ಒತ್ತಬೇಕು. ಜೋರಾಗಿ ಎಳೆದರೆ ಹನಿಗಳು ಗಂಟಲ ಹಿಂಬದಿಗೆ ಬಡಿದು ಅಲ್ಲೇ ಕೂರುತ್ತವೆ. ಪುಡಿಯ ಸಾಧನದಲ್ಲಿ ಔಷಧವನ್ನು ಹೊರಗೆ ತಳ್ಳುವ ಯಾವ ಶಕ್ತಿಯೂ ಇಲ್ಲ. ರೋಗಿಯ ಉಸಿರೇ ಪುಡಿಯನ್ನು ಬಿಡಿಸಿ ಒಳಗೆ ಒಯ್ಯಬೇಕು, ಆದ್ದರಿಂದ ಮೊದಲ ಕ್ಷಣದಿಂದಲೇ ಜೋರಾಗಿ ಎಳೆಯಬೇಕು. ಎರಡರಲ್ಲೂ ಎಳೆಯುವ ಮುಂಚೆ ಶ್ವಾಸಕೋಶವನ್ನು ಸಾಧ್ಯವಾದಷ್ಟು ಖಾಲಿ ಮಾಡಬೇಕು, ಎಳೆದ ಮೇಲೆ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಶ್ವಾಸನಾಳಗಳಲ್ಲಿ ಕೂರಬಲ್ಲ ಕಣಗಳ ಗಾತ್ರ 1ರಿಂದ 5 ಮೈಕ್ರಾನ್. ಅಷ್ಟು ಸಣ್ಣ ಕಣ ಕೆಳಗಿಳಿದು ಕೂರಲು ಹೊತ್ತು ಬೇಕು, ಉಸಿರು ಹಿಡಿಯುವುದು ಅದಕ್ಕಾಗಿ.

ರೋಟಾಹೇಲರ್ ಬಳಕೆಯನ್ನು ಹತ್ತಿರದಿಂದ ನೋಡಿದರೆ ತಪ್ಪು ಎಲ್ಲೆಲ್ಲಿ ನುಸುಳುತ್ತದೆ ಎಂದು ತಿಳಿಯುತ್ತದೆ. ಕ್ಯಾಪ್ಸೂಲನ್ನು ಪಾರದರ್ಶಕ ತುದಿ ಕೆಳಗಾಗುವಂತೆ ಚೌಕದ ರಂಧ್ರಕ್ಕೆ ಹಾಕಿ, ಮೇಲಂಚಿಗೆ ಸಮವಾಗುವವರೆಗೆ ಒತ್ತಬೇಕು. ಬುಡವನ್ನು ಪೂರ್ತಿ ತಿರುಗಿಸಿದರೆ ಕ್ಯಾಪ್ಸೂಲ್ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಅರ್ಧ ತಿರುಗಿಸಿ ನಿಲ್ಲಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ರೋಗಿ ಎಳೆದುಕೊಂಡದ್ದು ಬರೀ ಗಾಳಿ. ಇನ್ನು ಕೆಲವರು ಉಸಿರನ್ನು ಸಾಧನದೊಳಕ್ಕೇ ಬಿಡುತ್ತಾರೆ. ಬಾಯಿಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಎಳೆದ ಮೇಲೆ ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು ಎಂದು ತಿಳಿದವರು ಕಡಿಮೆ. ಕ್ಯಾಪ್ಸೂಲನ್ನು ಮಾತ್ರೆಯಂತೆ ನೀರು ಕುಡಿದು ನುಂಗಿದವರೂ ಇದ್ದಾರೆ. ನೋಡಲು ಅದು ನುಂಗುವ ಕ್ಯಾಪ್ಸೂಲಿನ ಹಾಗೆಯೇ ಇರುವುದರಿಂದ ಈ ತಪ್ಪಿಗೆ ರೋಗಿಯನ್ನು ದೂರಲಾಗದು.

ಈ ತಪ್ಪುಗಳು ವಿರಳವಲ್ಲ. ಹ್ವಾಕಿನ್ ಸಾಂಚಿಸ್ ಮತ್ತು ಸಂಗಡಿಗರು 2016ರಲ್ಲಿ ಚೆಸ್ಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವಿಮರ್ಶೆ 1975ರಿಂದ 2014ರವರೆಗಿನ 144 ಲೇಖನಗಳನ್ನು, 54,354 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಸ್ಪ್ರೇ ಪಂಪಿನಲ್ಲಿ ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದವರು ಶೇ. 45, ವೇಗ ಅಥವಾ ಆಳದಲ್ಲಿ ತಪ್ಪಿದವರು ಶೇ. 44, ಉಸಿರು ಹಿಡಿಯದವರು ಶೇ. 46. ಪುಡಿಯ ಸಾಧನದಲ್ಲಿ ಮೊದಲು ಪೂರ್ತಿ ಉಸಿರು ಬಿಡದವರು ಶೇ. 46. ಒಟ್ಟಾರೆ ಸರಿಯಾಗಿ ಬಳಸುವವರು ಶೇ. 31 ಮಾತ್ರ. ಇದಕ್ಕಿಂತ ಯೋಚನೆಗೆ ಹಚ್ಚುವ ಅಂಶ ಇನ್ನೊಂದಿದೆ: ಈ ನಲವತ್ತು ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿಲ್ಲ. ಔಷಧಗಳು ಸುಧಾರಿಸಿದವು, ಸಾಧನಗಳು ಬದಲಾದವು, ಕಲಿಸುವ ಕೆಲಸ ಮಾತ್ರ ಇದ್ದಲ್ಲೇ ಉಳಿಯಿತು.

4. ಅಂಗಡಿಯ ಕಟ್ಟೆಯ ಮುಂದೆ

ನಮ್ಮ ತಾಲ್ಲೂಕು ಕೇಂದ್ರಗಳ ಔಷಧಿ ಅಂಗಡಿಗಳಲ್ಲಿ ಇಂಥ ಮಾತು ನಡೆಯುವುದು ಸಾಮಾನ್ಯ.

“ಅಣ್ಣಾ, ಅಪ್ಪಂಗೆ ದಮ್ಮಿನ ಪಂಪು ಕೊಡಿ. ನೀಲಿದು.”

“ಹೋದ್ವಾರ ತಗೊಂಡು ಹೋದ್ರಲ್ಲಮ್ಮಾ?”

“ಖಾಲಿಯಾಯ್ತು. ಜೊತೆಗೆ ಆ ಬಿಳಿ ಮಾತ್ರೆನೂ ಒಂದು ಶೀಟ್ ಕೊಡಿ. ಪಂಪು ಜಾಸ್ತಿ ಹೊಡ್ಕೊಂಡ್ರೆ ಚಟ ಆಗುತ್ತಂತೆ.”

ಈ ಮೂರು ಮಾತುಗಳಲ್ಲಿ ಮೂರು ಎಚ್ಚರಿಕೆಗಳಿವೆ. ಕೇಳಿಸಿಕೊಳ್ಳುವ ತರಬೇತಿ ಇದ್ದವರಿಗೆ ಅವು ಕೇಳಿಸುತ್ತವೆ.

ಮೊದಲನೆಯದು ವಾರಕ್ಕೊಂದು ಪಂಪ್. ತಕ್ಷಣದ ಉಪಶಮನಕ್ಕೆ ಬಳಸುವ ಸಾಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಸಲದ ಔಷಧ ಇರುತ್ತದೆ. ಅದು ಒಂದು ವಾರದಲ್ಲಿ ಮುಗಿಯಿತೆಂದರೆ, ಒಂದೋ ಕಾಯಿಲೆ ಹತೋಟಿ ತಪ್ಪಿದೆ, ಇಲ್ಲವೇ ಔಷಧ ಒಳಗೆ ಹೋಗುತ್ತಲೇ ಇಲ್ಲ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ಜೀನಾ, ವರ್ಷಕ್ಕೆ ಇಂಥ ಮೂರು ಅಥವಾ ಹೆಚ್ಚು ಪಂಪ್ ಬಳಸುವವರಲ್ಲಿ ಕಾಯಿಲೆ ಉಲ್ಬಣಿಸುವ ಅಪಾಯ ಹೆಚ್ಚೆಂದೂ, ಹನ್ನೆರಡು ಅಥವಾ ಹೆಚ್ಚು ಬಳಸುವವರಲ್ಲಿ ಸಾವಿನ ಅಪಾಯವೇ ಹೆಚ್ಚೆಂದೂ ಹೇಳುತ್ತದೆ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತವರ ದಾಖಲೆಗಳನ್ನು ಪರಿಶೀಲಿಸಿದ ರಾಷ್ಟ್ರೀಯ ವರದಿ 2014ರಲ್ಲಿ ಹೊರಬಂತು. ತಕ್ಷಣದ ಪಂಪ್ ಬಳಸುತ್ತಿದ್ದು, ಚೀಟಿಗಳ ಲೆಕ್ಕ ಸಿಕ್ಕ 165 ಜನರಲ್ಲಿ ಶೇ. 39 ಮಂದಿಗೆ ಸಾಯುವ ಹಿಂದಿನ ಒಂದು ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪಂಪ್ ಬರೆದುಕೊಡಲಾಗಿತ್ತು. ಆರು ಜನರಿಗೆ ಐವತ್ತಕ್ಕಿಂತ ಹೆಚ್ಚು. ಅಪಾಯ ಲೆಕ್ಕದ ಪುಸ್ತಕದಲ್ಲೇ ಬರೆದಿತ್ತು. ಕೂಡಿಸಿ ನೋಡಿದವರು ಇರಲಿಲ್ಲ.

ಎರಡನೆಯದು ಮಾತ್ರೆಯ ಬೇಡಿಕೆ. ಸಾಲ್ಬುಟಮಾಲ್ ಮಾತ್ರೆ ಸಾಮಾನ್ಯವಾಗಿ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಎರಡು ಒತ್ತು ಎಂದರೂ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ಮಾತ್ರೆಯ ಔಷಧ ರಕ್ತದ ಮೂಲಕ ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರುವಷ್ಟರಲ್ಲಿ ಕೈ ನಡುಗಿಸುತ್ತದೆ, ಎದೆ ಬಡಿತ ಹೆಚ್ಚಿಸುತ್ತದೆ. ಪಂಪ್ ಕೆಲವೇ ನಿಮಿಷಗಳಲ್ಲಿ, ಬೇಕಾದಲ್ಲೇ ಕೆಲಸ ಮಾಡುತ್ತದೆ. ಪಂಪ್ ಭಾರಿ ಔಷಧ, ಮಾತ್ರೆ ಹಗುರ ಎಂಬ ನಂಬಿಕೆ ಸತ್ಯಕ್ಕೆ ಪೂರ್ತಿ ವಿರುದ್ಧ. ಈ ಒಂದು ಲೆಕ್ಕವನ್ನು ಕಟ್ಟೆಯ ಮುಂದೆ ನಿಂತವರಿಗೆ ಬಿಡಿಸಿ ಹೇಳಿದರೆ ಅನೇಕರ ಭಯ ಹೋಗುತ್ತದೆ.

ಮೂರನೆಯದು ಚಟದ ಭಯ. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರನ್ನು ದಿನವೂ ತೆಗೆದುಕೊಳ್ಳಬೇಕಾಗುವುದು ಕಾಯಿಲೆ ದೀರ್ಘಕಾಲದ್ದು ಎಂಬ ಕಾರಣಕ್ಕೆ. ಬಿಪಿ ಮಾತ್ರೆಯನ್ನು ಯಾರೂ ಚಟವೆನ್ನುವುದಿಲ್ಲ. ಈ ಭಯದಿಂದ ದಿನದ ಇನ್‌ಹೇಲರ್ ಬಿಟ್ಟು, ಉಬ್ಬಸ ಬಂದಾಗ ನೀಲಿ ಪಂಪನ್ನಷ್ಟೇ ಹಿಡಿದವರೇ ಹೆಚ್ಚು ಅಪಾಯದಲ್ಲಿರುವವರು. ಹದಿಹರೆಯದವರಿಗೂ ವಯಸ್ಕರಿಗೂ ಬರೀ ತಕ್ಷಣದ ಪಂಪಿನ ಚಿಕಿತ್ಸೆ ಸಲ್ಲದು ಎಂದು ಜೀನಾ 2019ರಿಂದ ಖಚಿತವಾಗಿ ಹೇಳುತ್ತಿದೆ. ಇನ್‌ಹೇಲರ್ ಸ್ಟೀರಾಯ್ಡಿನಿಂದ ಬಾಯಿಹುಣ್ಣು, ಬಿಳಿ ಪದರ, ಧ್ವನಿ ಒಡೆಯುವುದು ಇವು ಬರಬಹುದು ಎಂಬುದು ನಿಜ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿದರೆ, ಸ್ಪ್ರೇ ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ಆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಸ್ಪೇಸರ್ ಮಾರುವಾಗ ಹೇಳಬೇಕಾದ ಇನ್ನೊಂದು ಮಾತು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಅದನ್ನು ಸಾಬೂನು ನೀರಿನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಬೇಕು, ಬಟ್ಟೆಯಿಂದ ಉಜ್ಜಬಾರದು. ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಔಷಧದ ಕಣಗಳನ್ನು ಗೋಡೆಗೇ ಅಂಟಿಸಿಕೊಳ್ಳುತ್ತದೆ. ಚೊಕ್ಕವಾಗಿರಲಿ ಎಂದು ತಾಯಿ ಒರೆಸಿಟ್ಟ ಸ್ಪೇಸರ್ ಮಗುವಿಗೆ ಸಿಗಬೇಕಾದ ಔಷಧವನ್ನು ಕಡಿಮೆ ಮಾಡುತ್ತದೆ.

5. ಬೇರೆ ಔಷಧಗಳಿಂದ ಬರುವ ತೊಂದರೆ

ಔಷಧಗಳ ಪರಸ್ಪರ ಪರಿಣಾಮವನ್ನು ತಿಳಿದಿರುವುದು ಫಾರ್ಮಸಿಸ್ಟರ ಓದಿನ ತಿರುಳು. ಉಸಿರಾಟದ ಆರೈಕೆಯಲ್ಲಿ ಅದು ಜೀವ ಉಳಿಸುವ ಜ್ಞಾನ. ಅಸ್ತಮಾ ಇರುವವರಿಗೆ ಅರೆತಲೆನೋವಿಗೋ ಕೈನಡುಕಕ್ಕೋ ಬೇರೊಬ್ಬ ವೈದ್ಯರು ಪ್ರೊಪ್ರನಾಲಾಲ್ ಬರೆದಿರಬಹುದು; ಅದು ಶ್ವಾಸನಾಳವನ್ನು ಬಿಗಿಯುತ್ತದೆ, ಉಪಶಮನದ ಪಂಪಿನ ಕೆಲಸವನ್ನೂ ತಡೆಯುತ್ತದೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಗೂ ಇದೇ ಗುಣವಿದೆ. ಕಣ್ಣಿಗೆ ಹಾಕಿದ ಹನಿ ಎದೆಗೆ ತೊಂದರೆ ಕೊಡುತ್ತದೆಂದು ರೋಗಿಗೆ ಹೊಳೆಯುವುದು ಸಾಧ್ಯವಿಲ್ಲ. ಥಿಯೋಫಿಲಿನ್ ತೆಗೆದುಕೊಳ್ಳುವ ಸಿಒಪಿಡಿ ರೋಗಿಗೆ ಸಿಪ್ರೋಫ್ಲಾಕ್ಸಾಸಿನ್ ಅಥವಾ ಎರಿಥ್ರೊಮೈಸಿನ್ ಜೊತೆಯಾದರೆ ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ಏರಿ ವಾಂತಿ, ಎದೆಬಡಿತದ ಏರುಪೇರು, ಫಿಟ್ಸ್ ಸಹ ಬರಬಹುದು. ಆಸ್ಪಿರಿನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕೆಲವು ಅಸ್ತಮಾ ರೋಗಿಗಳಲ್ಲಿ ತೀವ್ರ ಉಬ್ಬಸ ತರುತ್ತವೆ.

ಒಬ್ಬ ರೋಗಿ ಮೂವರು ವೈದ್ಯರಲ್ಲಿಗೆ ಹೋಗುತ್ತಾರೆ. ಮೂರೂ ಚೀಟಿಗಳು ಬರುವುದು ಒಂದೇ ಅಂಗಡಿಗೆ. ಅವನ್ನು ಒಟ್ಟಿಗೆ ನೋಡುವ ಅವಕಾಶ ಅಲ್ಲಿರುವವರಿಗೆ ಮಾತ್ರ. “ನಿಮಗೆ ದಮ್ಮು, ಉಬ್ಬಸ ಏನಾದರೂ ಇದೆಯಾ?” ಎಂಬ ಒಂದು ಪ್ರಶ್ನೆಯನ್ನು ನೋವಿನ ಮಾತ್ರೆ ಕೊಡುವ ಮುಂಚೆ, ಗ್ಲಾಕೋಮಾ ಹನಿ ಕೊಡುವ ಮುಂಚೆ ಕೇಳುವುದು ರೂಢಿಯಾಗಬೇಕು.

ಎರಡು ವಾರ ದಾಟಿದ ಕೆಮ್ಮಿಗೆ ಮತ್ತೊಂದು ಸಿರಪ್ ಕೊಡದೆ ಕ್ಷಯದ ಕಫ ಪರೀಕ್ಷೆಗೆ ಕಳಿಸುವುದೂ ಇದೇ ಕರ್ತವ್ಯದ ಭಾಗ. ಕ್ಷಯದ ಔಷಧಗಳು 2014ರಿಂದ ಔಷಧ ನಿಯಮಗಳ ಷೆಡ್ಯೂಲ್ ಎಚ್1ರಲ್ಲಿವೆ, ಅವುಗಳ ಮಾರಾಟಕ್ಕೆ ಪ್ರತ್ಯೇಕ ದಾಖಲೆ ಇಡಬೇಕು. ಕ್ಷಯರೋಗಿಗಳ ಮಾಹಿತಿಯನ್ನು ಔಷಧಿ ಅಂಗಡಿಗಳೂ ಸರ್ಕಾರಕ್ಕೆ ಕೊಡಬೇಕೆಂದು ಕೇಂದ್ರದ 2018ರ ಅಧಿಸೂಚನೆ ಹೇಳುತ್ತದೆ. ಕ್ಷಯದ ವಿಚಾರದಲ್ಲಿ ಅಂಗಡಿಯನ್ನು ಆರೋಗ್ಯ ವ್ಯವಸ್ಥೆಯ ಅಂಗವೆಂದು ಸರ್ಕಾರವೇ ಒಪ್ಪಿದೆ. ಅಸ್ತಮಾ, ಸಿಒಪಿಡಿಗಳಿಗೂ ಆ ಒಪ್ಪಿಗೆ ವಿಸ್ತರಿಸಬೇಕು.

6. ಪುರಾವೆ

ಫಿನ್ಲೆಂಡ್ 1994ರಿಂದ 2004ರವರೆಗೆ ಹತ್ತು ವರ್ಷಗಳ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮ ನಡೆಸಿತು. ವೈದ್ಯರು ಮತ್ತು ದಾದಿಯರ ಜೊತೆಗೆ ಔಷಧಿ ಅಂಗಡಿಗಳಲ್ಲೂ ಅಸ್ತಮಾದ ಹೊಣೆ ಹೊತ್ತ ಒಬ್ಬ ಫಾರ್ಮಸಿಸ್ಟರನ್ನು ಗುರುತಿಸಿ, ಸುಮಾರು 700 ಜನರ ಜಾಲ ಕಟ್ಟಿತು. 1993ರಲ್ಲಿ 1,10,000 ಇದ್ದ ಅಸ್ತಮಾದ ಆಸ್ಪತ್ರೆ ದಿನಗಳು 2003ರಲ್ಲಿ 51,000ಕ್ಕೆ ಇಳಿದವು. ರೋಗಿಗಳ ಸಂಖ್ಯೆ ಅದೇ ಅವಧಿಯಲ್ಲಿ ಏರಿತ್ತು ಎಂಬುದನ್ನು ಗಮನಿಸಬೇಕು. ಈ ಫಲವನ್ನು ಫಾರ್ಮಸಿಸ್ಟರೊಬ್ಬರ ಲೆಕ್ಕಕ್ಕೇ ಹಾಕುವಂತಿಲ್ಲ. ಆದರೆ ಅವರನ್ನು ಒಳಗೊಂಡ ವ್ಯವಸ್ಥೆ ದೇಶದ ಮಟ್ಟದಲ್ಲಿ ಏನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಫಾರ್ಮಸಿಸ್ಟರ ಕೆಲಸವನ್ನೇ ಬಿಡಿಸಿ ಅಳೆದ ಪ್ರಯೋಗಗಳೂ ಇವೆ. ಸಿಡ್ನಿಯಲ್ಲಿ ಇಮಾನ್ ಬಶೇತಿ ಮತ್ತು ಸಂಗಡಿಗರು 97 ಅಸ್ತಮಾ ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಗಡಿಯ ಫಾರ್ಮಸಿಸ್ಟರು ಸಾಧನವನ್ನು ಕೈಯಲ್ಲಿ ಹಿಡಿದು ತೋರಿಸಿ, ರೋಗಿಯಿಂದಲೂ ಮಾಡಿಸಿ ತಿದ್ದಿದರು. ಅದಕ್ಕೆ ಹಿಡಿದದ್ದು ಸರಾಸರಿ ಎರಡೂವರೆ ನಿಮಿಷ. ಬಳಕೆಯ ಕ್ರಮ ಸುಧಾರಿಸಿತು, ಕಾಯಿಲೆಯ ಹತೋಟಿಯೂ ಸುಧಾರಿಸಿತು. ಈ ಗುಂಪಿನ ಕೆಲಸದಿಂದ ಖಚಿತವಾದ ಮಾತೆಂದರೆ, ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ರೋಗಿ ತಪ್ಪುವ ಹಂತವನ್ನು ಗುರುತು ಮಾಡಿದ ಚೀಟಿಯನ್ನು ಅವರ ಇನ್‌ಹೇಲರ್‌ಗೇ ಅಂಟಿಸಿ ಕಳಿಸುವ ಉಪಾಯವನ್ನೂ ಅವರು ಪರೀಕ್ಷಿಸಿದ್ದಾರೆ.

ಬೆಲ್ಜಿಯಂನಲ್ಲಿ 170 ಔಷಧಿ ಅಂಗಡಿಗಳು, 734 ಸಿಒಪಿಡಿ ರೋಗಿಗಳು ಸೇರಿದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಬಂತು. ಫಾರ್ಮಸಿಸ್ಟರು ಒಂದು ಗುಂಪಿನ ರೋಗಿಗಳನ್ನು ಆರಂಭದಲ್ಲೊಮ್ಮೆ, ತಿಂಗಳ ನಂತರ ಮತ್ತೊಮ್ಮೆ ಕೂರಿಸಿ ಮಾತಾಡಿದರು, ಅಷ್ಟೇ. ಮೂರು ತಿಂಗಳಲ್ಲಿ ಇನ್‌ಹೇಲರ್ ಬಳಕೆಯ ಅಂಕ ಶೇ. 13.5ರಷ್ಟು, ಔಷಧ ಪಾಲನೆ ಶೇ. 8.5ರಷ್ಟು ಇನ್ನೊಂದು ಗುಂಪಿಗಿಂತ ಮೇಲಿತ್ತು. ಆಸ್ಪತ್ರೆ ಸೇರಿದ ಪ್ರಕರಣಗಳು ಈ ಗುಂಪಿನಲ್ಲಿ 9, ಇನ್ನೊಂದರಲ್ಲಿ 35. ಇಂಗ್ಲೆಂಡಿನಲ್ಲಿ 2011ರಿಂದ, ಅಸ್ತಮಾ ಮತ್ತು ಸಿಒಪಿಡಿ ಸೇರಿದಂತೆ ಕೆಲವು ಕಾಯಿಲೆಗಳಿಗೆ ಹೊಸ ಔಷಧ ಶುರುವಾದವರನ್ನು ಮೊದಲ ವಾರಗಳಲ್ಲಿ ಫಾರ್ಮಸಿಸ್ಟರು ವಿಚಾರಿಸಿಕೊಳ್ಳುವ ಸೇವೆಯಿದೆ. ಸರ್ಕಾರ ಅದಕ್ಕೆ ಹಣ ಕೊಡುತ್ತದೆ. 504 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಔಷಧ ಪಾಲನೆ ಸುಮಾರು ಹತ್ತು ಶೇಕಡಾಂಶ ಹೆಚ್ಚಿತು.

ನಮ್ಮ ನೆಲದ ಪುರಾವೆಯೂ ಇದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ 260 ಸಿಒಪಿಡಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಕ್ಲಿನಿಕಲ್ ಫಾರ್ಮಸಿಸ್ಟರ ಮಾರ್ಗದರ್ಶನ ಕೊಟ್ಟು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ 2018ರ ಸುಮಾರಿಗೆ ಪ್ರಕಟವಾಯಿತು. ಔಷಧ ತಪ್ಪದೆ ತೆಗೆದುಕೊಳ್ಳುವುದೂ ಬದುಕಿನ ಗುಣಮಟ್ಟವೂ ಆ ಗುಂಪಿನಲ್ಲಿ ಗಮನಾರ್ಹವಾಗಿ ಸುಧಾರಿಸಿದವು. ಹೊರದೇಶದ ಕ್ರಮ ನಮ್ಮಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಮಣಿಪಾಲ ಉತ್ತರ ಕೊಟ್ಟಿದೆ.

ಪುರಾವೆಯ ಮಿತಿಗಳನ್ನೂ ಹೇಳಬೇಕು. ಹೆಚ್ಚಿನ ಪ್ರಯೋಗಗಳು ಕೆಲವೇ ತಿಂಗಳ ಅವಧಿಯವು. ಮಣಿಪಾಲದ್ದು ದೊಡ್ಡ ಬೋಧನಾ ಆಸ್ಪತ್ರೆಯ ಅನುಭವ. ಸಣ್ಣ ಊರಿನ ಅಂಗಡಿಯ ಪರಿಸ್ಥಿತಿ ಬೇರೆ. ಕಲಿಸಿದ ಕ್ರಮ ತಿಂಗಳುಗಳು ಕಳೆದಂತೆ ಮರೆತುಹೋಗುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಈ ಕೊನೆಯ ಮಿತಿ ಮಾತ್ರ ನನ್ನ ವಾದವನ್ನು ಬಲಪಡಿಸುತ್ತದೆ: ಮರೆತದ್ದನ್ನು ಮತ್ತೆ ಕಲಿಸಬೇಕಾದರೆ ರೋಗಿ ಮತ್ತೆ ಮತ್ತೆ ಬರುವ ಜಾಗವೇ ಬೇಕು.

7. ಕಾನೂನು ಮತ್ತು ವಾಸ್ತವ

1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿ ಇನ್ನೂ ಮುಂದೆ ಹೋಗಿ, ರೋಗಿಗೆ ತಿಳಿವಳಿಕೆ ಕೊಡುವುದನ್ನು ವೃತ್ತಿಯ ಕರ್ತವ್ಯವಾಗಿ ಬರೆದಿದೆ: ಔಷಧದ ಹೆಸರು, ಬಳಸುವ ವಿಧಾನ, ಎಚ್ಚರಿಕೆಗಳು, ಅಡ್ಡಪರಿಣಾಮಗಳು, ಒಂದು ಹೊತ್ತು ತಪ್ಪಿದರೆ ಮಾಡಬೇಕಾದದ್ದು. ಶಿಕ್ಷಣದಲ್ಲಿಯೂ ನೆಲೆ ಸಿದ್ಧವಾಗಿದೆ. 1990ರ ದಶಕದ ಕೊನೆಯಲ್ಲೇ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಓದನ್ನು ಆರಂಭಿಸಿ, ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿಗೆ ಕರೆದೊಯ್ದಿತು. ಫಾರ್ಮ್.ಡಿ ಪದವಿ ದೇಶದಲ್ಲಿ 2008ರಿಂದ ಇದೆ.

ಹೀಗಿದ್ದೂ ಕಟ್ಟೆಯ ಆ ಕಡೆ ನಿಂತವರು ಎಷ್ಟೋ ಅಂಗಡಿಗಳಲ್ಲಿ ಫಾರ್ಮಸಿಸ್ಟರೇ ಆಗಿರುವುದಿಲ್ಲ. ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ಔಷಧ ಕೊಡುವವರು ಬೇರೆ. ಇದ್ದ ಫಾರ್ಮಸಿಸ್ಟರಿಗೂ ಸಂಜೆಯ ನೂಕುನುಗ್ಗಲಿನಲ್ಲಿ ಬಿಡುವಿಲ್ಲ. ಅವರ ಆದಾಯ ಮಾರಿದ ಡಬ್ಬಿಯಿಂದ ಬರುತ್ತದೆ, ಹೇಳಿದ ಮಾತಿಗೆ ಒಂದು ರೂಪಾಯಿಯೂ ಇಲ್ಲ. ಸಾಲ್ಬುಟಮಾಲ್ ಷೆಡ್ಯೂಲ್ ಎಚ್ ಔಷಧವಾದರೂ ಚೀಟಿ ಇಲ್ಲದೆ ಸಿಗುತ್ತದೆ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು, ಸಕ್ಕರೆ ಕಾಯಿಲೆ, ಮೂಳೆ ಸವೆತ ತಂದುಕೊಂಡವರೂ ಇದ್ದಾರೆ. ಈ ಕೊರತೆಗಳಿಗೆ ಫಾರ್ಮಸಿಸ್ಟರನ್ನಷ್ಟೇ ಹೊಣೆ ಮಾಡುವುದು ಅನ್ಯಾಯ. ಕರ್ತವ್ಯವನ್ನು ಬರೆದ ನಿಯಮ ಅದಕ್ಕೆ ಬೇಕಾದ ಹೊತ್ತನ್ನೂ ಹಣವನ್ನೂ ಎಲ್ಲಿಂದ ತರಬೇಕೆಂದು ಬರೆಯಲಿಲ್ಲ.

8. ಮಾಡಬಹುದಾದದ್ದು

ಮೊದಲ ಹೆಜ್ಜೆ ಪ್ರತಿ ಅಂಗಡಿಯಲ್ಲಿ ಔಷಧವಿಲ್ಲದ ತೋರುಸಾಧನ. ಸ್ಪ್ರೇ ಒಂದು, ಪುಡಿಯದು ಒಂದು, ಸ್ಪೇಸರ್ ಒಂದು. ಫಾರ್ಮಸಿಸ್ಟ್ ಅದರಲ್ಲಿ ತೋರಿಸಬೇಕು, ರೋಗಿ ತನ್ನದೇ ಸಾಧನದಲ್ಲಿ ಮಾಡಬೇಕು; ಸೋಂಕಿನ ಭಯವೂ ಆಗ ಇರದು. ಹೊಸದಾಗಿ ಕೊಂಡಾಗ ಒಮ್ಮೆ, ತಿಂಗಳ ನಂತರ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಇದು ನಡೆಯಬೇಕು. ಇಬ್ಬರಿಗೆ ಎರಡು ಬಗೆಯ ಸಾಧನ ಇರುವ ಮನೆಗಳಲ್ಲಿ ಗೊಂದಲ ಹೆಚ್ಚು, ಅವರಿಗೆ ವಿಶೇಷ ಗಮನ ಬೇಕು. ಚೀಟಿಯಲ್ಲಿದ್ದ ಬ್ರಾಂಡ್ ಇಲ್ಲವೆಂದು ಬೇರೆ ಸಾಧನ ಕೊಟ್ಟಾಗಲಂತೂ ಹೊಸ ಕ್ರಮ ಕಲಿಸದೆ ಕಳಿಸಲೇಬಾರದು.

ಎರಡನೆಯದು ಪಂಪಿನ ಲೆಕ್ಕ. ಬಿಲ್ಲಿಂಗ್ ಕಂಪ್ಯೂಟರ್ ಇರುವ ಅಂಗಡಿಗಳಲ್ಲಿ ರೋಗಿಯ ಹೆಸರಿನಲ್ಲಿ ಒಂದು ವರ್ಷದಲ್ಲಿ ಎಷ್ಟು ತಕ್ಷಣದ ಪಂಪ್ ಹೋಗಿದೆ ಎಂದು ನೋಡುವುದು ಕ್ಷಣದ ಕೆಲಸ. ಮೂರನೆಯ ಪಂಪ್ ಕೇಳಿದಾಗ “ದಿನದ ಇನ್‌ಹೇಲರ್ ತಗೊಳ್ತಿದ್ದೀರಾ?” ಎಂದು ಕೇಳಿ, ವೈದ್ಯರಿಗೆ ಎರಡು ಸಾಲಿನ ಚೀಟಿ ಬರೆದು ಕಳಿಸಬೇಕು. ಉಬ್ಬಸದಿಂದ ಮಾತು ತುಂಡಾಗುತ್ತಿರುವವರಿಗೆ ಪಂಪ್ ನಿರಾಕರಿಸಬಾರದು. ಕೊಟ್ಟು, ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಲೆಕ್ಕದ ಉದ್ದೇಶ ಅಪಾಯದಲ್ಲಿರುವವರನ್ನು ಗುರುತಿಸುವುದು, ತಡೆಯುವುದಲ್ಲ.

ಮೂರನೆಯದು ತಂಬಾಕು ಬಿಡಿಸುವ ಮಾತು. ಸಿಒಪಿಡಿಯ ಓಟವನ್ನು ನಿಧಾನಿಸುವಲ್ಲಿ ಧೂಮಪಾನ ಬಿಡುವುದಕ್ಕೆ ಸಮನಾದ ಔಷಧ ಇಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿಯಬಾರದು, ಸ್ವಲ್ಪ ಜಗಿದು ಕೆನ್ನೆಯ ಪಕ್ಕಕ್ಕಿಟ್ಟುಕೊಳ್ಳಬೇಕು ಎಂದು ಹೇಳುವವರು ಬೇಕು. ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿ 1800-11-2356ನ್ನು ಬಿಲ್ಲಿನ ಮೇಲೆ ಮುದ್ರಿಸಲು ಖರ್ಚಿಲ್ಲ. ಕನ್ನಡದಲ್ಲಿ ಸಲಹೆ ಕೊಡುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ನಾಲ್ಕನೆಯದು ಹಣ. ತಿಳಿವಳಿಕೆಯ ಕೆಲಸಕ್ಕೆ ಸಣ್ಣದಾದರೂ ನಿಗದಿಯಾದ ಸಂಭಾವನೆ ಇರಬೇಕು. ಸರ್ಕಾರಿ ಆಸ್ಪತ್ರೆಗಳ ಫಾರ್ಮಸಿಗಳಿಂದಲೇ ಇದನ್ನು ಆರಂಭಿಸಬಹುದು. ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಇನ್‌ಹೇಲರ್‌ಗಳು 2022ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿವೆ. ಅವು ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ತಪ್ಪದೆ ಸಿಗಬೇಕು. ಕೊಡುವ ಕಿಟಕಿಯ ಪಕ್ಕದಲ್ಲೇ ಕಲಿಸುವ ಒಂದು ಕುರ್ಚಿ ಇರಬೇಕು.

9. ನಿಲುವು

ಇನ್‌ಹೇಲರ್ ಕೈಗಿಟ್ಟ ಮಾತ್ರಕ್ಕೆ ಔಷಧ ಕೊಟ್ಟಂತಾಗುವುದಿಲ್ಲ. ಬಳಸಲು ಕಲಿಸಿದಾಗಲೇ ಆ ಕೆಲಸ ಮುಗಿಯುವುದು. ಅದಕ್ಕೆ ಬೇಕಾದ ಓದು ಫಾರ್ಮಸಿಸ್ಟರಲ್ಲಿದೆ, ಕಾನೂನು ಅವರ ಪರವಾಗಿದೆ, ಸಿಡ್ನಿಯಿಂದ ಮಣಿಪಾಲದವರೆಗೆ ಪುರಾವೆ ಒಂದೇ ದಿಕ್ಕಿನಲ್ಲಿದೆ. ರಾಜ್ಯದ ಆರೋಗ್ಯ ಇಲಾಖೆ, ಫಾರ್ಮಸಿ ಪರಿಷತ್ತು, ಔಷಧ ವ್ಯಾಪಾರಿಗಳ ಸಂಘಗಳು ಕೂಡಿ ಒಂದು ಜಿಲ್ಲೆಯಲ್ಲಾದರೂ ಈ ವ್ಯವಸ್ಥೆಯನ್ನು ಎರಡು ವರ್ಷ ನಡೆಸಿ, ಆಸ್ಪತ್ರೆ ಸೇರುವವರ ಲೆಕ್ಕ ಹಿಡಿದು ನೋಡಬೇಕು. ಅಷ್ಟರವರೆಗೆ ಕಾಯದೆ ಓದುಗರು ಮಾಡಬಹುದಾದ ಕೆಲಸವೂ ಒಂದಿದೆ. ಮನೆಯಲ್ಲಿ ಯಾರಾದರೂ ಪಂಪ್ ಬಳಸುತ್ತಿದ್ದರೆ, ಮುಂದಿನ ಬಾರಿ ಔಷಧಿ ಅಂಗಡಿಗೆ ಹೋಗುವಾಗ ಅವರನ್ನು ಆ ಪಂಪಿನ ಸಮೇತ ಕರೆದೊಯ್ಯಿರಿ. ಫಾರ್ಮಸಿಸ್ಟರ ಮುಂದೆ ಒಮ್ಮೆ ಎಳೆದು ತೋರಿಸಿ, ಸರಿಯಿದೆಯೇ ಎಂದು ಕೇಳಿ. ಅದನ್ನು ಕೇಳುವುದು ನಿಮ್ಮ ಹಕ್ಕು. ಉತ್ತರ ಕೊಡುವುದು ಅವರ ಕರ್ತವ್ಯ.